ಹೆಣ್ಣಾಳು ಬೇಕಾಗಿದ್ದಾರೆ

ರಾಮನಗರದ ಬಸ್ ನಿಲ್ದಾಣದ ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು ಓದುವುದು ನಮ್ಮ ಹಳೆಯ ಚಟ. ಬಸ್ಸು ತಡವಾದಷ್ಟೂ ಓದು ಹೆಚ್ಚು. ‘ಸೂಪರ್‌ವೈಸರ್ ಬೇಕಾಗಿದ್ದಾರೆ, ಗಂಡಸರು ಮಾತ್ರ.’ ‘ಪ್ಯಾಕಿಂಗ್ ಕೆಲಸಕ್ಕೆ ಹೆಂಗಸರು ಬೇಕು.’ ‘ಟೆಲಿಕಾಲರ್ ಕೆಲಸಕ್ಕೆ ಹುಡುಗಿಯರು ಬೇಕು, ಮದುವೆಯಾಗದವರಿಗೆ ಆದ್ಯತೆ.’ ಚನ್ನಪಟ್ಟಣ, ಕನಕಪುರ, ಮಾಗಡಿಗೆ ಹೋದರೂ ಕಂಬ ಬೇರೆ, ಚೀಟಿಯ ಭಾಷೆ ಅದೇ. ಬರೆದವರಿಗೆ ಇದರಲ್ಲಿ ತಪ್ಪೇನಾದರೂ ಇದೆಯೆಂಬ ಅಳುಕಿಲ್ಲ. ಓದುವ ನಮಗೂ ಬಹುಕಾಲ ಇರಲಿಲ್ಲ.

ಇಂಥ ಜಾಹೀರಾತಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ 1974ರ ಒಂದು ಅಂಚೆ ಕಾರ್ಡಿನಿಂದ ಆರಂಭಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಚನಾ ಫಲಕದಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ಬಿದ್ದಿತ್ತು. ಇಂಜಿನಿಯರುಗಳು ಬೇಕು, ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಬಂದಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿಯಾದವರು, ನೇರ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಹೆಮ್ಮೆಯ ಸಂಗತಿಯೇ. ಆದರೆ ಕಾರ್ಡು ಬರೆಯಲು ಅಕ್ಷರ ಬೇಕು, ಯಾರಿಗೆ ಬರೆಯಬೇಕೆಂಬುದೂ ಗೊತ್ತಿರಬೇಕು. ಮೇಲಾಗಿ ನಮ್ಮ ತಾಲ್ಲೂಕುಗಳ ಹೆಂಗಸರ ಕಷ್ಟ ಬೇರೆ ಬಗೆಯದು. ಇಲ್ಲಿ ಹೆಣ್ಣು ಬೇಡ ಎಂದವರಿಗಿಂತ ಹೆಣ್ಣೇ ಬೇಕು ಎಂದವರು ಹೆಚ್ಚು.

ಏಕೆ ಬೇಕು ಎಂಬುದನ್ನು ನಾವು ತಿಳಿದದ್ದು ನಮ್ಮ ಖಾಲಾ ಒಬ್ಬರಿಂದ. ಮೈಸೂರು ಸೀಮೆಗೆ ಟಿಪ್ಪು ಸುಲ್ತಾನ್ ತಂದ ರೇಷ್ಮೆ ಕಸುಬು ರಾಮನಗರದಲ್ಲಿ ಬೇರೂರಿ, ನೂಲು ಬಿಚ್ಚಾಣಿಕೆಯ ಬಹುಪಾಲು ನಮ್ಮ ಸಮುದಾಯದವರ ಕೈಯಲ್ಲಿದೆ. ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ನಾವು ಚಿಕ್ಕಂದಿನಲ್ಲಿ ಕೇಳಿದ ದನಿಗಳೆಲ್ಲ ಗಂಡಸರವು. ಕೊಂಡ ಗೂಡು ಶೆಡ್ಡಿಗೆ ಬಂದ ಮೇಲೆ ಬಿಸಿನೀರಿನಲ್ಲಿ ಬೆರಳಾಡಿಸಿ, ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ನೂಲು ಮಾಡುತ್ತಿದ್ದ ಕೈಗಳು ಹೆಂಗಸರವು. ಖಾಲಾ ಆ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದರು. ಅವರ ಬೆರಳ ತುದಿ ಸದಾ ಬಿಳುಚಿ ಸುಲಿದಿರುತ್ತಿತ್ತು. ಮನೆಗೆ ಬಂದರೆ ಬೆಂದ ಹುಳದ ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು.

ಆ ಶೆಡ್ಡಿನ ಹಾಜರಿ ಪುಸ್ತಕವನ್ನು ನಾವು ಒಮ್ಮೆ ನೋಡಿದ್ದೆವು. ಗಂಡಸರಿಗೆ ಹೆಸರಿತ್ತು, ಹೆಸರಿನ ಮುಂದೆ ಕೆಲಸವಿತ್ತು: ಒಲೆಯವನು, ಗೂಡು ಬೇಯಿಸುವವನು. ಕೆಳಗೆ ಒಂದೇ ಸಾಲು: ಹೆಣ್ಣಾಳು, 6. ಗೂಡು ಬೇಯಿಸುವವನು ಬಾರದ ದಿನ ಖಾಲಾ ಅವನ ಕೆಲಸವನ್ನೂ ಮಾಡುತ್ತಿದ್ದರು, ಕೂಲಿ ಮಾತ್ರ ಅದೇ ಹೆಣ್ಣಾಳಿನದು. ಒಂದು ದಿನ ಕೇಳಿಯೇಬಿಟ್ಟರಂತೆ. ಮಾಲೀಕರು ಗದರಲಿಲ್ಲ, ನಯವಾಗಿಯೇ ಹೇಳಿದರು: “ಅವನು ಬೇಯಿಸುವವನು ಆಪಾ, ನೀವು ಬಿಚ್ಚುವವರು. ಕೆಲಸವೇ ಬೇರೆ, ಕೂಲಿ ಒಂದು ಹೇಗಾಗುತ್ತೆ?” ಐದು ಹೊತ್ತಿನ ನಮಾಜಿ, ಜಕಾತ್ ತಪ್ಪಿಸದವರು. ಕೂಲಿಯ ಲೆಕ್ಕಕ್ಕೆ ಬಂದಾಗ ಮಾತ್ರ ಅವರ ನ್ಯಾಯ ಬೇರೆಯಾಗುತ್ತಿತ್ತು.

ಈ ವಾದ ಆ ಮಾಲೀಕರು ಕಂಡುಹಿಡಿದದ್ದಲ್ಲ. ಸಮಾನ ವೇತನದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 1958ರಲ್ಲೇ ಅಂಗೀಕರಿಸಿತ್ತು. ಕಾನೂನು ಬರಲು 1975ರ ಸುಗ್ರೀವಾಜ್ಞೆಯವರೆಗೆ ಕಾಯಬೇಕಾಯಿತು, 1976ರಲ್ಲಿ ಅದು ಕಾಯ್ದೆಯಾಯಿತು. ಒಂದೇ ಕೆಲಸಕ್ಕೆ ಅಥವಾ ಒಂದೇ ಬಗೆಯ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ; ನೇಮಿಸಿಕೊಳ್ಳುವಾಗ ಹೆಣ್ಣೆಂದು ತಾರತಮ್ಯ ಮಾಡುವಂತಿಲ್ಲ. ಕಾಯ್ದೆ ಬಂದರೂ ಕೆಲಸದ ಹೆಸರನ್ನೇ ಬೇರೆ ಮಾಡುವ ದಾರಿ ಉಳಿದಿತ್ತು. ಏರ್ ಇಂಡಿಯಾದ ಗಗನಸಖಿಯರು ಮೊದಲ ಬಾರಿ ಬಸುರಾದರೆ ಕೆಲಸ ಕಳೆದುಕೊಳ್ಳಬೇಕೆಂಬ ನಿಯಮವನ್ನು 1981ರಲ್ಲಿ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಆದರೆ ಅದೇ ವಿಮಾನದಲ್ಲಿ ದುಡಿಯುವ ಗಂಡಸರಿಗಿಂತ ಅವರು ಮೊದಲೇ ನಿವೃತ್ತರಾಗುವುದನ್ನು, ಅವರದು ಬೇರೆ ವರ್ಗ ಎಂಬ ಕಾರಣಕ್ಕೆ, ಒಪ್ಪಿಕೊಂಡಿತು. ಖಾಲಾಗೆ ಶೆಡ್ಡಿನಲ್ಲಿ ಸಿಕ್ಕ ಉತ್ತರವೂ ಇದೇ ಜಾತಿಯದು.

ಆ ಗಂಟನ್ನು ಬಿಚ್ಚಿದವರು ಮುಂಬಯಿಯ ಒಬ್ಬ ಸ್ಟೆನೋಗ್ರಾಫರ್, ಆಡ್ರಿ ಡಿಕೋಸ್ಟಾ. ಮೆಕಿನನ್ ಮೆಕೆಂಜಿ ಕಂಪನಿಯಲ್ಲಿ ಗಂಡು ಸ್ಟೆನೋಗಳಿಗಿಂತ ಅವರ ಸಂಬಳ ಕಡಿಮೆಯಿತ್ತು. ‘ಲೇಡಿ ಸ್ಟೆನೋ’ಗಳದೇ ಬೇರೆ ವರ್ಗ ಎಂಬುದು ಕಂಪನಿಯ ವಾದ. ಹೆಂಗಸರನ್ನೆಲ್ಲ ಒಂದು ಹೆಸರಿನಡಿ ಕೂಡಿಹಾಕಿ ಕಡಿಮೆ ಕೊಡುವುದು ಕಾಯ್ದೆಗೆ ವಿರುದ್ಧವೆಂದು 1987ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪಿನ ಬಿಸಿ ನಮ್ಮ ಶೆಡ್ಡುಗಳಿಗೆ ತಟ್ಟಿದ್ದನ್ನು ನಾವು ಕಾಣೆವು. 2008ರ ಏಪ್ರಿಲ್‌ನಿಂದ ಉದ್ಯೋಗ ಖಾತರಿ ಯೋಜನೆ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಬಂದು, ಮಣ್ಣು ಹೊತ್ತ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದಾಗ, ಹಿಪ್ಪುನೇರಳೆ ತೋಟದವರು ಗೊಣಗಿದ್ದನ್ನು ಮಾತ್ರ ಕಿವಿಯಾರೆ ಕೇಳಿದ್ದೇವೆ.

1976ರ ಕಾಯ್ದೆ ತಡೆದದ್ದು ಹೆಣ್ಣಿನ ವಿರುದ್ಧದ ತಾರತಮ್ಯವನ್ನು. ಹೆಣ್ಣೇ ಬೇಕು ಎಂಬ ಚೀಟಿ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ, ಒಂದೇ ಬಗೆಯ ಕೆಲಸಕ್ಕೆ ಆಳು ಹಿಡಿಯುವಾಗ ಲಿಂಗದ ಆಧಾರದ ಯಾವ ತಾರತಮ್ಯವೂ ಸಲ್ಲದು ಎನ್ನುತ್ತದೆ. ಅಷ್ಟರಲ್ಲಿ ಜಿಲ್ಲೆಯ ಹೆಸರೂ ಬದಲಾಗಿದೆ. 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಕಂಬದ ಚೀಟಿಗಳು ಬದಲಾಗಿಲ್ಲ.

ನಮ್ಮ ಬೀದಿಯ ಒಬ್ಬ ಹುಡುಗಿ ಬಿ.ಕಾಂ. ಮುಗಿಸಿ ಅಂಥದೇ ಒಂದು ಚೀಟಿ ಹಿಡಿದು ಹೋಗಿದ್ದಳು. ಟ್ಯಾಲಿ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲವಂತೆ. ಮದುವೆ ಯಾವಾಗ, ಬುರ್ಖಾ ಕೌಂಟರಿನಲ್ಲೂ ಹಾಕುತ್ತೀಯಾ ಎಂದು ಕೇಳಿದರು. ಮನೆಯಲ್ಲಿ ಅವಳ ಅಬ್ಬಾ ಕೇಳಿದ್ದು, ಅಲ್ಲಿ ಗಂಡಸರು ಎಷ್ಟು ಜನ ಎಂದು. ಸಂಬಳ ಎಷ್ಟೆಂದು ಕೇಳಿದವರು ಅವಳ ಅಮ್ಮಿ ಒಬ್ಬರೇ. ಹೋದ ವಾರ ಇನ್ನೊಂದು ಕಡೆ ಅರ್ಜಿ ಕೊಟ್ಟಿದ್ದಾಳೆ, ‘ವಿವಾಹಿತರೇ, ಅವಿವಾಹಿತರೇ’ ಎಂಬ ಜಾಗವನ್ನು ಖಾಲಿ ಬಿಟ್ಟು. ಇನ್ನೂ ಫೋನ್ ಬಂದಿಲ್ಲ.