ಹಿಗ್ಗುವ ವಿಶ್ವ ತಿರುಗುತ್ತಲೂ ಇದೆಯೇ: ಗೈರೊಸ್ಕೋಪಿನ ಸಾಕ್ಷ್ಯ

ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ (ಎಂಸಿಎಫ್) 1982ರಿಂದ ನೋಡಿಕೊಳ್ಳುತ್ತ ಬಂದಿರುವ ಭೂಸ್ಥಿರ ಉಪಗ್ರಹಗಳು ಒಂದು ಸುತ್ತಿಗೆ ತೆಗೆದುಕೊಳ್ಳುವುದು 24 ಗಂಟೆಯಲ್ಲ, 23 ಗಂಟೆ 56 ನಿಮಿಷ 4 ಸೆಕೆಂಡು. ಇದು ಸೂರ್ಯನನ್ನು ಬಿಟ್ಟು ದೂರದ ನಕ್ಷತ್ರಗಳನ್ನು ಆಧಾರವಾಗಿಟ್ಟು ಎಣಿಸಿದ ಕಾಲ. ಇಂದಿನ ಉಪಗ್ರಹ ತಾನು ಯಾವ ದಿಕ್ಕಿಗೆ ಮುಖಮಾಡಿದೆಯೆಂದು ಅರಿಯಲು ಎರಡು ದಾರಿಗಳಿವೆ. ಗೈರೊಸ್ಕೋಪ್ ಹೊರಗೆ ಏನನ್ನೂ ನೋಡದೆ ತಿರುಗುವಿಕೆಯನ್ನು ಅಳೆಯುತ್ತದೆ. ನಕ್ಷತ್ರ ಸಂವೇದಕ ಆಕಾಶವನ್ನು ನೋಡಿ ಹೇಳುತ್ತದೆ. ಉಪಕರಣದ ದೋಷ, ಭೂಮಿಯ ಗುರುತ್ವದ ಪರಿಣಾಮ ಎರಡನ್ನೂ ಕಳೆದರೆ ಉತ್ತರ ಒಂದೇ ಬರಬೇಕೆಂಬುದು ನಮ್ಮ ನಂಬಿಕೆ. ವಿಶ್ವ ತಿರುಗುತ್ತಿದ್ದರೆ ಆ ನಂಬಿಕೆ ನಿಲ್ಲದು. ಹೊರಗೆಂಬುದೇ ಇಲ್ಲದ ವಿಶ್ವ ಯಾವುದಕ್ಕೆ ಹೋಲಿಸಿದರೆ ತಿರುಗೀತು ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿದೆ: ಗೈರೊಸ್ಕೋಪ್ ಹಿಡಿದ ದಿಕ್ಕಿಗೆ.

ಕುರ್ಟ್ ಗೋಡೆಲ್ 1949ರಲ್ಲಿ ಕೊಟ್ಟ ತಿರುಗುವ ವಿಶ್ವ ಹಿಗ್ಗುವುದಿಲ್ಲ. ಅದು ನಮ್ಮ ವಿಶ್ವವಲ್ಲ. ಆದರೂ ಭ್ರಮಣದ ಅರ್ಥವನ್ನು ಪರೀಕ್ಷಿಸಲು ಅದು ಒಳ್ಳೆಯ ಒರೆಗಲ್ಲು. ಬಿ. ಆರ್. ಅಯ್ಯರ್ ಮತ್ತು ಸಿ. ವಿ. ವಿಶ್ವೇಶ್ವರ 1993ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಪ್ರಬಂಧ, ಗೈರೊಸ್ಕೋಪಿನ ಅಕ್ಷ ದಿಕ್ಕು ಬದಲಿಸುವುದನ್ನು ತಿರುಗುವ ಕೆರ್ ಕಪ್ಪುಕುಳಿಯಿಂದ ಗೋಡೆಲ್ ವಿಶ್ವದವರೆಗೆ ಒಂದೇ ಜ್ಯಾಮಿತಿಯ ಚೌಕಟ್ಟಿನಲ್ಲಿ ಲೆಕ್ಕಹಾಕಿತು. ಜೊತೆಯಾಗಿ ಸಾಗುವ ವೀಕ್ಷಕರ ಪಥಗಳಲ್ಲಿರುವ ಸುಳಿಗೂ ಅಕ್ಷದ ಈ ಬದಲಾವಣೆಗೂ ಇರುವ ನಂಟನ್ನು ಬಿಡಿಸಿತು. ವಿಶ್ವೇಶ್ವರರನ್ನು ನಾವು ಕಲಕಿದ ಕಪ್ಪುಕುಳಿ ಗಂಟೆಯಂತೆ ಅನುರಣಿಸುತ್ತದೆಂಬ 1970ರ ಶೋಧಕ್ಕಾಗಿ ನೆನೆಯುತ್ತೇವೆ. ಈ ಪ್ರಬಂಧವನ್ನೂ ಅಷ್ಟೇ ಆಸ್ಥೆಯಿಂದ ಓದಬೇಕು.

ಇನ್ನು ನಮ್ಮ ಹಿಗ್ಗುವ ವಿಶ್ವಕ್ಕೆ ಬರೋಣ. 2025ರಲ್ಲಿ ಬಲಾಜ್ ಸಿಗೆತಿ, ಇಷ್ಟ್ವಾನ್ ಸಾಪುದಿ ಮತ್ತು ಸಂಗಡಿಗರು ವಿಶ್ವ ಹಿಗ್ಗುವ ದರವಾದ ಹಬಲ್ ಸ್ಥಿರಾಂಕದ ಬಿಕ್ಕಟ್ಟಿಗೆ (ಎರಡು ಬಗೆಯ ಅಳತೆಗಳು ಕೊಡುವ ಸುಮಾರು 67 ಮತ್ತು 73ರ ನಡುವಿನ ಅಂತರಕ್ಕೆ) ನಿಧಾನ ಭ್ರಮಣವೇ ಪರಿಹಾರವಾಗಬಹುದೆಂದರು. ಅವರ ದರ 100 ಕೋಟಿ ವರ್ಷಕ್ಕೆ 0.002. ಸುದ್ದಿಗಳಲ್ಲಿ ಬಂದ '50,000 ಕೋಟಿ ವರ್ಷಕ್ಕೊಂದು ಸುತ್ತು' ಈ ಸಂಖ್ಯೆಯ ವಿಲೋಮವಷ್ಟೆ. ಆ 0.002 ಅನ್ನು ರೇಡಿಯನ್ನಿನಲ್ಲಿ ಹಿಡಿದರೆ ಪೂರ್ಣ ಸುತ್ತಿಗೆ ಮೂರು ಲಕ್ಷ ಕೋಟಿ ವರ್ಷ ದಾಟುತ್ತದೆ. ಆಗ ಗೈರೊಸ್ಕೋಪಿಗೂ ಆಕಾಶಕ್ಕೂ ಒಂದು ಆರ್ಕ್‌ಸೆಕೆಂಡಿನ ಅಂತರ ಬೀಳಲು ಸುಮಾರು 24 ಲಕ್ಷ ವರ್ಷ ಬೇಕು. ಗೈರೊಸ್ಕೋಪುಗಳನ್ನು ಹೊತ್ತ ಗ್ರಾವಿಟಿ ಪ್ರೋಬ್ ಬಿ ಉಪಗ್ರಹ ಭೂಭ್ರಮಣದ ಸೆಳೆತವನ್ನು ಅಳೆದಾಗ ಉಳಿದ ಅನಿಶ್ಚಿತತೆಯೇ ವರ್ಷಕ್ಕೆ 0.007 ಆರ್ಕ್‌ಸೆಕೆಂಡ್. ನೇರ ಅಳತೆ ಸದ್ಯಕ್ಕೆ ಕೈಗೆಟುಕದು.

ಹಾಗಾಗಿ ಸಾಕ್ಷ್ಯವನ್ನು ಮೈಕ್ರೋವೇವ್ ಹಿನ್ನೆಲೆ ವಿಕಿರಣದಲ್ಲೇ ಹುಡುಕಬೇಕು. ಸಾಪೇಕ್ಷತಾ ಸಿದ್ಧಾಂತದ, ಹಿಗ್ಗುತ್ತ ತಿರುಗುವ ಬಿಯಾಂಕಿ ಮಾದರಿಗಳು ಅದರ ಮೇಲೆ ಸುರುಳಿಯಾಕಾರದ ಗುರುತು ಬಿಡಬೇಕು. ಪ್ಲಾಂಕ್ ಉಪಗ್ರಹದ ದತ್ತಾಂಶದ ಪ್ರಕಾರ, ಅಂಥ ಭ್ರಮಣವಿದ್ದರೂ ಅದು ಹಿಗ್ಗುವ ದರದ 100 ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. 2025ರ ಪ್ರಸ್ತಾವ ಕೇಳುವುದು ಸುಮಾರು ಶೇಕಡಾ 3ರಷ್ಟು. ಅದು ನ್ಯೂಟನ್ ಗುರುತ್ವದ ನೆಲೆಯ ದ್ರವ ಮಾದರಿಯಾದ್ದರಿಂದ ಬಿಯಾಂಕಿ ಮಿತಿಯನ್ನು ಅದಕ್ಕೆ ನೇರವಾಗಿ ಅನ್ವಯಿಸಲಾಗದು, ನಿಜ. ಆದರೆ ಹತ್ತರ ಏಳೆಂಟನೇ ಘಾತದಷ್ಟಿರುವ ಈ ಅಂತರವನ್ನು ಮಾದರಿಯ ಭೇದವೆಂದು ತಳ್ಳಿಹಾಕುವಂತಿಲ್ಲ. ಆ ದ್ರವವನ್ನು ಸಾಪೇಕ್ಷತಾ ಸಿದ್ಧಾಂತದಲ್ಲಿ ಮತ್ತೆ ಬರೆದು, ವಿಕಿರಣದಲ್ಲಿ ಅದು ಮೂಡಿಸುವ ವಿನ್ಯಾಸವನ್ನು ಲೆಕ್ಕಹಾಕಿ ತೋರಿಸುವವರೆಗೆ ಹಬಲ್ ಬಿಕ್ಕಟ್ಟು ಬಿಡಿಸಿತೆಂಬ ಮಾತನ್ನು ನಾನು ಒಪ್ಪಲಾರೆ.