ಹಾರ್ವರ್ಡಿನ ಆರ್ಗನ್ ವಾದ್ಯ

ಸಂಗೀತ ವಿದ್ವಾಂಸರಿಗೆ ಷಷ್ಟ್ಯಬ್ದಿ ನಡೆಯುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ವಾದ್ಯಕ್ಕೇ ವರ್ಷಾಬ್ದಿ, ಅದನ್ನೇ ನುಡಿಸಿ ಅದಕ್ಕೆ ಸನ್ಮಾನ ಎಂದರೆ ಕೇಳಿದವರಿಗೆ ತುಸು ವಿಚಿತ್ರವೆನಿಸೀತು. ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಲ್ಲಿ ಇದು ವಾಡಿಕೆ. ದೊಡ್ಡ ಆರ್ಗನ್ನನ್ನು ವೀಣೆಯಂತೆ ಹೊತ್ತು ತಿರುಗುವಂತಿಲ್ಲ. ಅದು ಕಟ್ಟಡದೊಡನೆ ಬಾಳುವ ವಾದ್ಯ. ಆದುದರಿಂದ ಅದಕ್ಕೂ ಹುಟ್ಟಿದ ವರ್ಷವಿದೆ, ಚರಿತ್ರೆಯಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇಂಥ ಒಂದು ಆರ್ಗನ್ನಿಗೆ 2008ರಲ್ಲಿ ಐವತ್ತು ತುಂಬಿತು. ಅದರ ಚರಿತ್ರೆಯಲ್ಲಿ ಬಾನುಲಿಗೂ ಒಂದು ಪಾಲುಂಟು.

ಮೊದಲು ವಾದ್ಯದ ವಿಷಯ. ಕಂಪೆನಿ ನಾಟಕಗಳಲ್ಲಿ ಕಾಲಿನಿಂದ ತಿದಿಯೊತ್ತಿ ನುಡಿಸುತ್ತಿದ್ದ ಹಾರ್ಮೋನಿಯಂ ಹಿರಿಯರಿಗೆ ನೆನಪಿರಬಹುದು. ಅದರಲ್ಲಿ ಗಾಳಿ ತಗಲಿ ನಡುಗುವುದು ಲೋಹದ ನಾಲಗೆ. ಆರ್ಗನ್ನಿನಲ್ಲಿಯಾದರೋ ಬಹುಪಾಲು ನುಡಿಯುವುದು ಬರಿಯ ಕೊಳವೆ. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಅದು ಸುಷಿರ ವಾದ್ಯ. ಸ್ವರಕ್ಕೊಂದರಂತೆ ಸಾಲುಸಾಲಾಗಿ ನಿಲ್ಲಿಸಿದ ಕೊಳಲುಗಳೆಂದು ಭಾವಿಸಿರಿ. ಕೊಳವೆಯ ಉದ್ದ ಇಮ್ಮಡಿಯಾದರೆ ನಾದ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಎಂಟು ಅಡಿ, ಹದಿನಾರು ಅಡಿಯ ಕೊಳವೆಗಳು ಬೇಕಾಗುವುದು ಮಂದ್ರಕ್ಕಾಗಿಯೇ. ಬೆರಳೊತ್ತುವ ಕರಿಬಿಳಿ ಪಟ್ಟಿಗಳ ಸಾಲುಗಳು ಒಂದರ ಮೇಲೊಂದು ಇರುತ್ತವೆ. ಪಾದಗಳಿಗೂ ಬೇರೊಂದು ಸಾಲುಂಟು.

ಪಟ್ಟಿಯನ್ನು ಒತ್ತಿದಾಗ ಕೊಳವೆಯ ಅಡಿಯ ಕವಾಟ ತೆರೆಯಬೇಕು. ತೆರೆಯುವುದು ಹೇಗೆ? ವಿವಾದವೆಲ್ಲ ಇಲ್ಲಿಯೇ. ಹಳೆಯ ಕ್ರಮದಲ್ಲಿ ಪಟ್ಟಿಗೂ ಕವಾಟಕ್ಕೂ ನಡುವೆ ತೆಳುವಾದ ಮರದ ಕಡ್ಡಿಗಳಿರುತ್ತವೆ. ಬೆರಳು ಮೆಲ್ಲಗೆ ಒತ್ತಿತೋ ಚುರುಕಾಗಿ ಒತ್ತಿತೋ, ಅದು ಕವಾಟಕ್ಕೆ ತಿಳಿಯುತ್ತದೆ. ವಿದ್ಯುತ್ತು ಬಂದ ಮೇಲೆ ಪಟ್ಟಿ ಬರಿಯ ಗುಂಡಿಯಾಯಿತು. ವಾದಕನು ಕೊಳವೆಗಳಿಂದ ಎಷ್ಟು ದೂರ ಬೇಕಾದರೂ ಕುಳಿತುಕೊಳ್ಳಬಹುದು; ಆದರೆ ಬೆರಳಿನ ಹದ ಕವಾಟವನ್ನು ಮುಟ್ಟುವುದಿಲ್ಲ. ಮುಂದೆ ಆಫ್ರಿಕದಲ್ಲಿ ರೋಗಿಗಳ ಸೇವೆಗೆ ನಿಂತ ಆಲ್ಬರ್ಟ್ ಷ್ವೈಟ್ಸರ್ ಮಹಾಶಯರು 1906ರಷ್ಟು ಹಿಂದೆಯೇ ಹಳೆಯ ಆರ್ಗನ್ನುಗಳ ಪರವಾಗಿ ಪುಸ್ತಕ ಬರೆದಿದ್ದರು.

ಅದೇ 1906ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು ಇ. ಪವರ್ ಬಿಗ್ಸ್. ಅವರು 1930ರಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ನಗರದಲ್ಲಿ ಹಾರ್ವರ್ಡಿಗೆ ಸೇರಿದ ಜರ್ಮನ್ ಕಲೆಯ ವಸ್ತುಸಂಗ್ರಹಾಲಯವಿತ್ತು. ಜರ್ಮನಿಯ ಹಳೆಯ ಶಿಲ್ಪಗಳ ಅಚ್ಚುಪ್ರತಿಗಳನ್ನು ನಿಲ್ಲಿಸಿದ ಆ ಕಲ್ಲಿನ ಸಭಾಂಗಣದಲ್ಲಿ 1937ರಲ್ಲಿ ಒಂದು ಹೊಸ ಆರ್ಗನ್ನು ನಿಂತಿತು. ಬಿಗ್ಸ್ ಅದರ ಮೇಲೆ ಬಾಖನ ಆರ್ಗನ್ ಕೃತಿಗಳೆಲ್ಲವನ್ನೂ ಸರಣಿಯಾಗಿ ನುಡಿಸಿದರು. 1942ರಿಂದ 1958ರವರೆಗೆ ಪ್ರತಿ ಭಾನುವಾರ ಬೆಳಗ್ಗೆ ಅವರ ವಾದನ ಅಲ್ಲಿಂದ ಸಿ.ಬಿ.ಎಸ್. ಬಾನುಲಿಯ ಮೂಲಕ ದೇಶಕ್ಕೆಲ್ಲ ಪ್ರಸಾರವಾಗುತ್ತಿತ್ತು. ಆರ್ಗನ್ ಕೇಳಬೇಕಾದರೆ ಚರ್ಚಿಗೋ ದೊಡ್ಡ ಸಭಾಭವನಕ್ಕೋ ಹೋಗಬೇಕಿತ್ತು. ಈಗ ಅದು ಅಡಿಗೆಮನೆಯವರೆಗೂ ಬಂದಿತು. ಪೆಟ್ಟಿಗೆಯೊಳಗಿನ ಪುಟ್ಟ ಧ್ವನಿವರ್ಧಕ ಹದಿನಾರು ಅಡಿಯ ಕೊಳವೆಗೆ ಎಷ್ಟು ನ್ಯಾಯ ಸಲ್ಲಿಸೀತು ಎಂಬುದು ಬೇರೆ ಮಾತು.

ಆದರೆ 1937ರ ಆ ವಾದ್ಯ ನಾದದಲ್ಲಿ ಹಳೆಯ ಮಾದರಿಯನ್ನು ಅನುಸರಿಸಿದ್ದರೂ ಪಟ್ಟಿಗಳಲ್ಲಿ ವಿದ್ಯುತ್ತಿನದೇ. 1954ರಲ್ಲಿ ಯೂರೋಪಿನ ಪ್ರವಾಸ ಮಾಡಿ, ಬಾಖನ ಕಾಲದವೂ ಅದಕ್ಕಿಂತ ಹಳೆಯವೂ ಆದ ಆರ್ಗನ್ನುಗಳನ್ನು ನುಡಿಸಿ ಬಂದ ಬಿಗ್ಸರಿಗೆ ಇದು ಸಾಲದಾಯಿತು. ಹಾಲೆಂಡಿನ ಜಾಂಡಾಮ್ ಊರಿನ ಡರ್ಕ್ ಫ್ಲೆಂಟ್ರಾಪ್ ಎಂಬ ಕುಶಲಿಯಿಂದ ಮರದ ಕಡ್ಡಿಯ ಕ್ರಮದ ಹೊಸ ಆರ್ಗನ್ನನ್ನು ಕಟ್ಟಿಸಿದರು. ಕೈಗೆ ಮೂರು ಸಾಲು ಪಟ್ಟಿ, ಪಾದಕ್ಕೊಂದು, ನಾದಭೇದಗಳು 27. ಹಣ ವಿಶ್ವವಿದ್ಯಾನಿಲಯದ್ದಲ್ಲ, ಬಿಗ್ಸರದು. ಕಟ್ಟಡ ಒಬ್ಬರದು, ವಾದ್ಯ ಇನ್ನೊಬ್ಬರದು! ವಾದಕನೊಬ್ಬ ತನ್ನ ವಾದವನ್ನು ಇಷ್ಟು ಬೆಲೆತೆತ್ತು ಸಾಧಿಸಿದ್ದು ಅಪರೂಪವೇ ಸರಿ. ಇದನ್ನು ಹಳಮೆಯ ಮಡಿಯೆಂದು ನಗುವವರಿಗೆ ಒಂದು ಮಾತು: ಈ ವಾದ್ಯಕ್ಕೂ ಗಾಳಿಯೂದುವುದು ವಿದ್ಯುತ್ ಯಂತ್ರವೇ. ವಿದ್ಯುತ್ತು ತಿದಿಯೊತ್ತಲಿ, ಬೆರಳಿಗೂ ಕವಾಟಕ್ಕೂ ನಡುವೆ ಬರುವುದು ಬೇಡ ಎಂಬುದಷ್ಟೇ ಹಟ.

ಹೊಸ ಆರ್ಗನ್ನು 1958ರಲ್ಲಿ ಅಲ್ಲಿ ನಿಂತಿತು. ಅದೇ ವರ್ಷ ಬಾನುಲಿಯ ಕಾರ್ಯಕ್ರಮವೂ ಕೊನೆಗೊಂಡಿತು. ಹದಿನಾರು ವರ್ಷ ಬಿಡದೆ ಕೇಳಿದ ಜನ ಬಹುಮಟ್ಟಿಗೆ ಕೇಳಿದ್ದು ಬಿಗ್ಸರಿಗೆ ತೃಪ್ತಿ ಕೊಡದ ವಾದ್ಯವನ್ನೇ ಎಂಬುದನ್ನು ನೆನೆದರೆ ಮನಸ್ಸಿಗೆ ಏನೋ ಆಗುತ್ತದೆ. ಹೊಸದನ್ನು ಮನೆಮನೆಗೆ ಒಯ್ದ ಕೆಲಸ ಗ್ರಾಮಫೋನಿನದು. ಈ ಆರ್ಗನ್ನಿನ ಮೇಲೆ ಅವರು ನುಡಿಸಿದ ಬಾಖನ ತಟ್ಟೆಗಳು ಬಹಳ ಪ್ರಚಾರ ಪಡೆದುವು. ಅವನ್ನು ಕೇಳಿಯೇ ಎಷ್ಟೋ ಮಂದಿ ಹಳೆಯ ಕ್ರಮದ ಕಡೆಗೆ ತಿರುಗಿದರು.

ಕಡೆಯ ವರ್ಷಗಳಲ್ಲಿ ಬಿಗ್ಸರ ಬೆರಳುಗಳನ್ನು ಸಂಧಿವಾತ ಹಿಡಿಯಿತು. ಅವರು ತೀರಿಕೊಂಡದ್ದು 1977ರಲ್ಲಿ. ಅವರ ತರುವಾಯ ವಾದ್ಯ ವಿಶ್ವವಿದ್ಯಾನಿಲಯದ ಸ್ವತ್ತಾಯಿತು. 1991ರಲ್ಲಿ ವಸ್ತುಸಂಗ್ರಹಾಲಯ ಬೇರೆ ಕಟ್ಟಡಕ್ಕೆ ಹೋಯಿತು. ಅಚ್ಚುಶಿಲ್ಪಗಳೂ ಆರ್ಗನ್ನೂ ಆ ಕಲ್ಲಿನ ಸಭಾಂಗಣದಲ್ಲಿಯೇ ಉಳಿದುವು.