ಬೇಸಗೆಯ ರೈಲುಯಾತ್ರೆ: ಹರಿಹರದಲ್ಲಿ ಒಂದು ದಿನ

ಚೈತ್ರಮಾಸವು ಕಾಲಿಟ್ಟೊಡನೆ ನಮ್ಮಲ್ಲಿ ಅನೇಕರು ರೈಲಿನ ವೇಳಾಪಟ್ಟಿಯನ್ನು ಹರವಿಕೊಂಡು ಕುಳಿತುಕೊಳ್ಳುವರು. ಬೆಂಗಳೂರಿನಿಂದ ಹೊರಟು ದಾವಣಗೆರೆ, ಹರಿಹರ, ಹಾವೇರಿ, ಹುಬ್ಬಳ್ಳಿಗಳನ್ನು ಮೂರು ದಿನಗಳಲ್ಲಿ ನೋಡಿ ಮುಗಿಸಬೇಕೆಂಬುದು ಅವರ ಆಶೆ. ಈ ಹಾದಿಯ ಚರಿತ್ರೆಯನ್ನು ನೆನೆದರೆ ಹರಿಹರಕ್ಕೆಂದೇ ಒಂದು ದಿನವನ್ನು ಮೀಸಲಿಡಬೇಕೆಂದು ನಮಗೆ ತೋರುತ್ತದೆ.

ದಾವಣಗೆರೆಯು ವರ್ತಕರಿಂದ ಬೆಳೆದ ಊರು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದನು. ಹರಿಹರವಾದರೋ ಗಡಿಯ ಊರು. ಹೊಯ್ಸಳರೂ ದೇವಗಿರಿಯ ಸೇವುಣರೂ ತುಂಗಭದ್ರೆಯ ತೀರಕ್ಕಾಗಿ ಸೆಣಸುತ್ತಿದ್ದ ಕಾಲದಲ್ಲಿ, 1224ರ ಸುಮಾರಿಗೆ, ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಇಲ್ಲಿ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದನು. ಎಡೆಬಿಡದೆ ಕಲಹ ನಡೆದ ಎಲ್ಲೆಯಲ್ಲಿ, ಅರ್ಧ ಶಿವನೂ ಅರ್ಧ ವಿಷ್ಣುವೂ ಆದ ಒಂದೇ ಮೂರ್ತಿ!

ಆ ಎಲ್ಲೆಯು ಅಲ್ಲಿಗೇ ಅಳಿಯಲಿಲ್ಲ. 1880ರ ದಶಕದಲ್ಲಿ ರೈಲು ಇಲ್ಲಿಗೆ ಬಂದಾಗಲೂ ಈಚೆಯ ದಡ ಮೈಸೂರಿನದು, ಆಚೆಯ ದಡ ಮುಂಬಯಿ ಪ್ರಾಂತದ್ದು. ಎರಡು ದಡಗಳ ನುಡಿ ಮಾತ್ರ ಒಂದೇ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದುವು.

ಬಿಸಿಲೇರುವ ಮುನ್ನ ಗುಡಿಯನ್ನು ನೋಡಿ, ಇಳಿಹೊತ್ತಿನಲ್ಲಿ ಹೊಳೆಯ ದಂಡೆಗೆ ಹೋಗೋಣ. ಬೇಸಗೆಯಲ್ಲಿ ನೀರು ತಗ್ಗಿ ಬಂಡೆಗಳೂ ಮರಳೂ ಕಾಣುತ್ತವೆ. ಶತಮಾನಗಳ ಕಾಲ ರಾಜ್ಯಗಳನ್ನು ಬೇರ್ಪಡಿಸಿದ ಹೊಳೆ ಎಷ್ಟು ಕಿರಿದೆಂಬುದು ಆಗ ತಿಳಿಯುವುದು. ರೈಲಿನ ಕಿಟಕಿಗೆ ಅದು ಒಂದೆರಡು ನಿಮಿಷದ ನೋಟ ಮಾತ್ರ.